ಉಪ್ಪುನೀರಿನ ಅಕ್ವೇರಿಯಂ: ಮನೆಯಲ್ಲಿ ನೀರು ಮತ್ತು ಉಪಕರಣಗಳ ನಿರ್ವಹಣೆ

ಉಪ್ಪುನೀರಿನ ಅಕ್ವೇರಿಯಂ ಎಂದರೆ ಕಡಲ ಮೀನು, ಹವಳ, ಸೀಗಡಿ, ಬಸವನಹುಳು ಮೊದಲಾದ ಜೀವಿಗಳನ್ನು ಕಡಲನೀರಿನಲ್ಲಿ ಸಾಕುವ ಗಾಜಿನ ತೊಟ್ಟಿ. ಹವಳದಿಬ್ಬಗಳ ಸುತ್ತಲಿನ ಕಡಲನೀರಿನಲ್ಲಿ ಉಪ್ಪು, ಶಾಖ, ಕ್ಷಾರತೆ ದಿನದಿಂದ ದಿನಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಅಲ್ಲಿನ ಜೀವಿಗಳಿಗೆ ಏರುಪೇರು ತಾಳಿ ರೂಢಿಯಿಲ್ಲ. ಆದರೆ 200 ಲೀಟರಿನ ತೊಟ್ಟಿ ಒಂದೇ ಮಧ್ಯಾಹ್ನದಲ್ಲಿ ಕಾದುಹೋಗಬಹುದು, ಸತ್ತ ಒಂದು ಮೀನಿನಿಂದ ಕೆಟ್ಟುಹೋಗಬಹುದು. ಈ ಹವ್ಯಾಸದ ಉಪಕರಣಗಳೆಲ್ಲ ನೀರಿನ ಪ್ರಮಾಣ ಕಡಿಮೆಯಿರುವುದರಿಂದ ಬಂದ ಈ ಕೊರತೆಯನ್ನು ತುಂಬಲು ಹುಟ್ಟಿದವು.

1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ತೀರದಿಂದ ಹವಳಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದರು. ಆಗ ಪಂಪು ಎಲ್ಲಿತ್ತು? ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿರುವುದು ಮನೆಗೆಲಸದವಳ ಪಾಲಿಗೆ ಬಂದಿತ್ತು. ನೀರಿಗೆ ಗಾಳಿ ಬೆರೆಸುವ ಆ ಕೆಲಸವನ್ನು ಇಂದು ಪಂಪು, ವೇವ್‌ಮೇಕರ್‌ಗಳು ಮಾಡುತ್ತವೆ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ‘ದಿ ಅಕ್ವೇರಿಯಂ’ ಪುಸ್ತಕದಿಂದ ಈ ಗೀಳು ಮಧ್ಯಮವರ್ಗದ ಮನೆಗಳಿಗೂ ಹಬ್ಬಿತು.

ಕಡಲನೀರಿನ ಲವಣಾಂಶ ಲೀಟರಿಗೆ ಸುಮಾರು 35 ಗ್ರಾಂ. ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ ಅದು ಸುಮಾರು 1.026. ಅಡುಗೆ ಉಪ್ಪು ಬಹುಮಟ್ಟಿಗೆ ಬರಿಯ ಸೋಡಿಯಂ ಕ್ಲೋರೈಡ್ ಆದ್ದರಿಂದ ಇಲ್ಲಿ ಪ್ರಯೋಜನವಿಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಹದವಾಗಿ ಬೆರೆತ ಅಕ್ವೇರಿಯಂ ಉಪ್ಪೇ ಬೇಕು. 200 ಲೀಟರಿಗೆ ಏಳು ಕಿಲೋಗಿಂತ ಹೆಚ್ಚೇ ಹಿಡಿಯುತ್ತದೆ. ಕರಾವಳಿಯವರು ಕಡಲಿನಿಂದಲೇ ನೀರು ತರುವುದುಂಟು. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಕಾಳಿಯಂಥ ನದಿಗಳ ಅಳಿವೆಯ ಆಸುಪಾಸಿನ ನೀರು ಸಪ್ಪೆಯಾಗಿ, ಕೆಸರಾಗಿರುತ್ತದೆ.

ಉಪ್ಪು ಬೆರೆಸುವ ಸಿಹಿನೀರಿನ ವಿಷಯದಲ್ಲಿ ರಾಜಿ ಸಲ್ಲದು. ಕೊಳವೆಬಾವಿಯ ನೀರಿನಲ್ಲಿ ಗಡಸುತನ, ಕೆಲವೆಡೆ ನೈಟ್ರೇಟ್ ಇರುತ್ತದೆ. ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನ ಆರ್‌ಓ ಯಂತ್ರ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ರುಚಿಗಾಗಿ ಖನಿಜ ಮರಳಿ ಸೇರಿಸುವ ಬಗೆಯದಾದರೆ ಅಷ್ಟೂ ಇಲ್ಲ. ಆರ್‌ಓ ನಂತರ ಉಳಿದ ಲವಣಗಳನ್ನು ಹೀರುವ ಡಿಐ ರಾಳವನ್ನೂ ದಾಟಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರೇ ಆಗಬೇಕು. ತಾಮ್ರದ ಲವಲೇಶವೂ ಸೀಗಡಿ, ಹವಳಗಳಿಗೆ ವಿಷ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿ ಸುಮ್ಮನಾಗುವವರೇ ಹೆಚ್ಚು. 35ರ ಮಾನಕ ದ್ರಾವಣದಿಂದ ಹೊಂದಿಸಿದರೆ ಮಾತ್ರ ಬೇಕಾದ ಕಡೆ ಅದರ ಓದು ನಂಬಲರ್ಹ.

ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ದಿನಕ್ಕೆ ಮೂರು ಲೀಟರ್ ಆವಿಯಾಗುವ 200 ಲೀಟರಿನ ತೊಟ್ಟಿಯನ್ನು ಒಂದು ವಾರ ಹಾಗೇ ಬಿಟ್ಟರೆ 35 ಇದ್ದ ಲವಣಾಂಶ 39 ದಾಟುತ್ತದೆ. ಆದ್ದರಿಂದ ಕಡಿಮೆಯಾದ ನೀರನ್ನು ಸಿಹಿನೀರಿನಿಂದಲೇ ತುಂಬಬೇಕು. ಹೊಸಬರು ಉಪ್ಪುನೀರು ಹಾಕಿ ಎಡವುವುದು ಇಲ್ಲೇ. ತೇಲುಗುಂಡಿನ ಸ್ವಿಚ್ಚು, ಸಣ್ಣ ಪಂಪು ಇರುವ ಸ್ವಯಂಪೂರಣ ವ್ಯವಸ್ಥೆ ಈ ಕೆಲಸವನ್ನು ಗಂಟೆಗಂಟೆಗೂ ಮಾಡುತ್ತದೆ. ಬಸವನಹುಳುವೊಂದು ಸ್ವಿಚ್ಚಿಗೆ ಸಿಕ್ಕಿಕೊಂಡರೆ ಪಂಪು ನಿಲ್ಲದೆ ಓಡೀತು. ಅದರ ನೀರಿನ ಡಬ್ಬಿ ಪೂರ್ತಿ ಖಾಲಿಯಾದರೂ ತೊಟ್ಟಿ ತುಳುಕದಷ್ಟು ಚಿಕ್ಕದಾಗಿರಲಿ.

ಮೀನಿನ ವಿಸರ್ಜನೆ, ಉಳಿದ ಆಹಾರ ಕೊಳೆತರೆ ಅಮೋನಿಯಾ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತವೆ. ಕಡಲನೀರಿನ ಪಿಎಚ್ 8ಕ್ಕಿಂತ ಹೆಚ್ಚಿರುವುದರಿಂದ ಅಮೋನಿಯಾದ ವಿಷಕಾರಿ ರೂಪದ ಪಾಲು ಸಾಮಾನ್ಯ ಸಿಹಿನೀರಿಗಿಂತ ಇಲ್ಲಿ ಜಾಸ್ತಿ. ಈ ಬ್ಯಾಕ್ಟೀರಿಯಾಗಳು ಕಲ್ಲಿನ ರಂಧ್ರಗಳಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಮೀನು ಬಿಡಕೂಡದು. ಭಾರತದ ಕಡಲಿನಿಂದ ಹವಳ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮುರುಡೇಶ್ವರದ ಎದುರಿನ ನೇತ್ರಾಣಿಯ ಹವಳಕ್ಕೂ ಈ ರಕ್ಷಣೆಯಿದೆ. ಹಾಗಾಗಿ ಇಲ್ಲಿನ ಹವ್ಯಾಸಿಗೆ ಕಡಲಿನ ಹವಳಕಲ್ಲಿನ ಬದಲು ಬ್ಯಾಕ್ಟೀರಿಯಾ ಇನ್ನೂ ನೆಲೆಸದ ಒಣಕಲ್ಲಿನಿಂದ ಆರಂಭಿಸುವುದೇ ಸರಿಯಾದ ದಾರಿ, ಅದಕ್ಕೆ ತಾಳ್ಮೆ ಇನ್ನಷ್ಟು ಬೇಕು.

ಪ್ರೋಟೀನ್ ಸ್ಕಿಮ್ಮರ್ ಕಸ ಕೊಳೆಯುವ ಮೊದಲೇ ಅದನ್ನು ಹೊರತೆಗೆಯುತ್ತದೆ. ಕೊಳವೆಯೊಳಗೆ ಏಳುವ ಲಕ್ಷಾಂತರ ಸಣ್ಣ ಗುಳ್ಳೆಗಳಿಗೆ ಸಾವಯವ ಅಂಶಗಳು ಅಂಟಿ, ನೊರೆಯಾಗಿ ಮೇಲಿನ ಬಟ್ಟಲಿಗೆ ಉಕ್ಕುತ್ತವೆ. ಬಟ್ಟಲಲ್ಲಿ ನಿಲ್ಲುವುದು ಕಡುಕಂದು ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ದ್ರವ. ಬಟ್ಟಲಿನ ಕತ್ತಿನಲ್ಲಿ ಜಿಡ್ಡು ಕೂತರೆ ನೊರೆ ಏರುವುದಿಲ್ಲ; ವಾರಕ್ಕೆರಡು ಬಾರಿ ಅದನ್ನು ಒರೆಸಿದರೆ ದುಬಾರಿ ಯಂತ್ರಕ್ಕಿಂತ ಹೆಚ್ಚು ಲಾಭ.

ಹವಳ ಸಾಕುವವರಿಗೆ ಮುಖ್ಯವಾದದ್ದು ಕ್ಷಾರತೆ. ಅಸ್ಥಿ ಕಟ್ಟಲು ಹವಳ ನೀರಿನಿಂದ ಕ್ಯಾಲ್ಸಿಯಂ, ಕಾರ್ಬೊನೇಟ್ ಹೀರುತ್ತದೆ. ಕಡಲಿನಲ್ಲಿ ಕ್ಷಾರತೆ ಸುಮಾರು 7 ಡಿಕೆಎಚ್ (ಕ್ಷಾರತೆ ಅಳೆಯುವ ಡಿಗ್ರಿ), ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು, ಮೆಗ್ನೀಸಿಯಂ 1300ರಷ್ಟು. ತೊಟ್ಟಿಯಲ್ಲಿ ಮೊದಲು ಕುಸಿಯುವುದು ಕ್ಷಾರತೆ. ಬಹುಬಳಕೆಯ ಕಿಟ್ಟುಗಳಲ್ಲಿ 5 ಮಿಲಿಲೀಟರ್ ನೀರು ತೆಗೆದುಕೊಂಡು ನೀಲಿ ಹಳದಿಗೆ ತಿರುಗುವವರೆಗೆ ಹನಿ ಎಣಿಸುತ್ತಾರೆ, ಹನಿಗೊಂದು ಡಿಗ್ರಿ. 10 ಮಿಲಿಲೀಟರ್ ತೆಗೆದುಕೊಂಡರೆ ಹನಿಗೆ ಅರ್ಧ ಡಿಗ್ರಿಯಾಗಿ ಅಳತೆ ಸೂಕ್ಷ್ಮವಾಗುತ್ತದೆ. 7 ಇರಲಿ, 9 ಇರಲಿ, ದಿನವೂ ಅಲ್ಲೇ ನಿಂತರಾಯಿತು. ಕುಸಿದ ಕ್ಷಾರತೆಯನ್ನು ಒಂದೇ ದಿನಕ್ಕೆ ಎತ್ತಿ ನಿಲ್ಲಿಸುವ ಆತುರದಿಂದ ಹವಳ ಸುಟ್ಟುಕೊಂಡವರು ಹಲವರು. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚಿಸದಿರುವುದು ಕ್ಷೇಮ.

ಇದಕ್ಕೆ ಹಳೆಯ, ಅಗ್ಗದ ಉಪಾಯ ಸುಣ್ಣದ ತಿಳಿನೀರು. ಲೀಟರಿಗೆ ಒಂದೂವರೆ ಗ್ರಾಂನಷ್ಟು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕರಗಿಸಿ, ತಳದ ಗಸಿ ಬಿಟ್ಟು ಮೇಲಿನ ತಿಳಿಯನ್ನು ಆವಿಯಾದ ನೀರಿನ ಬದಲು ಹನಿಹನಿಯಾಗಿ ಬಿಡುತ್ತಾರೆ. ಕ್ಯಾಲ್ಸಿಯಂ, ಕ್ಷಾರತೆ ಎರಡೂ ಒಟ್ಟಿಗೆ ಸಿಗುತ್ತವೆ. ಅದರ ಪಿಎಚ್ 12 ದಾಟುವುದರಿಂದ ಒಮ್ಮೆಲೇ ಸುರಿಯಬಾರದು. ದೀಪ ಆರಿದ ಮೇಲೆ ತೊಟ್ಟಿಯ ಪಿಎಚ್ ತಾನೇ ಇಳಿಯುವ ಕಾರಣ ರಾತ್ರಿ ಬಿಡುವುದು ಒಳ್ಳೆಯದು. ಗೋಡೆಗೆ ಬಳಿಯುವ ಸುಣ್ಣ ಇದಕ್ಕಾಗದು.

ನೀರಿನ ಶಾಖ 24ರಿಂದ 27 ಡಿಗ್ರಿ ಸೆಲ್ಸಿಯಸ್ ಇರಬೇಕು. ತಂಪು ನಾಡುಗಳ ಹವ್ಯಾಸಿಗೆ ಹೀಟರಿನ ಚಿಂತೆ, ನಮಗೆ ಬೇಸಗೆಯ ಚಿಂತೆ. ನೀರಿನ ಮೇಲೆ ಫ್ಯಾನ್ ಬೀಸಿದರೆ ಬಯಲುಸೀಮೆಯ ಒಣಹವೆಯಲ್ಲಿ ಕೆಲವು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ತೇವದ ಸೆಕೆಯಲ್ಲಿ ಅಷ್ಟಿಲ್ಲ, ಅಲ್ಲಿ ಚಿಲ್ಲರ್ ಬೇಕಾದೀತು.

ಒಂದೇ ಶಾಖದ ಸಿಹಿನೀರಿಗಿಂತ ಕಡಲನೀರು ಆಮ್ಲಜನಕವನ್ನು ಸುಮಾರು ಐದನೆಯ ಒಂದು ಪಾಲು ಕಡಿಮೆ ಹಿಡಿಯುತ್ತದೆ. ಕರೆಂಟು ಹೋದಾಗ ಮೀನು ಸಾಯುವುದು ಬಹುಪಾಲು ಉಸಿರುಗಟ್ಟಿಯೇ. ಮನೆಯ ಯುಪಿಎಸ್ಸಿಗೆ ಒಂದು ವೇವ್‌ಮೇಕರ್ ಜೋಡಿಸಿಟ್ಟರೆ ಸಾಕು. ಚಿಲ್ಲರ್, ಹೀಟರ್ ಅದಕ್ಕೆ ಬೇಡ, ಬ್ಯಾಟರಿ ಕರಗಿಹೋಗುತ್ತದೆ. ಪಂಪು ನಿಂತೊಡನೆ ಮೇಲಿನ ತೊಟ್ಟಿಯ ನೀರು ಕೆಳಗಿನ ಸಂಪಿಗೆ, ಎಂದರೆ ಉಪಕರಣಗಳಿರುವ ಇನ್ನೊಂದು ತೊಟ್ಟಿಗೆ, ಇಳಿಯುತ್ತದೆ. ಅದನ್ನು ಹಿಡಿಯುವಷ್ಟು ಸಂಪು ಖಾಲಿ ಇರಬೇಕು, ಮರಳಿ ಬರುವ ಕೊಳವೆಗೆ ನೀರಿನ ಮಟ್ಟದಲ್ಲಿ ಸೈಫನ್ ಮುರಿಯುವ ರಂಧ್ರವಿರಬೇಕು. ಆ ರಂಧ್ರವನ್ನು ಪಾಚಿ ಮುಚ್ಚಿದೆಯೇ ಎಂದು ಆಗಾಗ ನೋಡದಿದ್ದರೆ ರಾತ್ರೋರಾತ್ರಿ ಹಾಲ್ ತುಂಬ ಉಪ್ಪುನೀರು.

ಉಪ್ಪುನೀರು ವಿದ್ಯುತ್ತಿಗೆ ಸಲೀಸು ದಾರಿ. ತೊಟ್ಟಿಯ ಸರ್ಕ್ಯೂಟಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಪ್ಲಗ್ಗಿಗೆ ಹೋಗುವ ವೈರನ್ನು ಮೊದಲು ಕೆಳಕ್ಕೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ಒಯ್ದರೆ ಜಾರಿ ಬಂದ ಹನಿ ಸಾಕೆಟ್ಟು ಸೇರದೆ ನೆಲಕ್ಕೆ ಬೀಳುತ್ತದೆ. ಕಲ್ಲಿನ ಮೇಲೆ ಗುಂಡಿಗಳಂತೆ ಹಬ್ಬುವ ಕೆಲವು ಜೊವಾಂತಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಅವುಗಳನ್ನು ತೊಲಗಿಸಲೆಂದು ಕಲ್ಲು ಕುದಿಸಿದರೆ ಆವಿ ಸೇವಿಸಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗಬಹುದು. ಅಂಥ ಕಲ್ಲನ್ನು ಮುಟ್ಟುವಾಗ ಕೈಗವಸು, ಕನ್ನಡಕ ಧರಿಸಬೇಕು. ಕೈಯಲ್ಲಿ ಗಾಯವಿದ್ದ ದಿನ ಮುಟ್ಟಲೇಬಾರದು.