ಒಂದೇ ಹೆಸರಿನ ಹಡಗುಗಳು: ಭಾರತೀಯ ನೌಕಾಪಡೆಯ ನಾಮಪರಂಪರೆ

1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಧ್ವಜನೌಕೆ ಐಎನ್‌ಎಸ್ ಮೈಸೂರು. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ ‘ಗಿಬೆ’ ಎಂಬ ಇಥಿಯೋಪಿಯಾದ ವಾಣಿಜ್ಯ ಹಡಗನ್ನು ಅಪಹರಿಸಲು ಹೊರಟಿದ್ದ 23 ಕಡಲ್ಗಳ್ಳರನ್ನು ಸೆರೆಹಿಡಿದದ್ದೂ ಐಎನ್‌ಎಸ್ ಮೈಸೂರೇ. ಆದರೆ ಇವು ಎರಡು ಬೇರೆ ಹಡಗುಗಳು. ಇವನ್ನು ಕಟ್ಟಿದ ದೇಶ ಬೇರೆ, ಎಂಜಿನ್ ಬೇರೆ, ಆಯುಧ ಬೇರೆ, ಸಮಾನವಾಗಿರುವುದು ಹೆಸರು. ನಿವೃತ್ತವಾದ ಅಥವಾ ಮುಳುಗಿದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವ ಪದ್ಧತಿ ಹಲವು ದೊಡ್ಡ ನೌಕಾಪಡೆಗಳಲ್ಲಿ ಉಂಟು. ಸ್ವಾತಂತ್ರ್ಯಾನಂತರದ ಭಾರತದಲ್ಲಿ ಈ ಪದ್ಧತಿ ಸ್ಮರಣೆಗಷ್ಟೇ ನಿಲ್ಲದೆ, ಕೊಂಡು ತಂದ ನೌಕೆಗಳಿಂದ ದೇಶದಲ್ಲೇ ಕಟ್ಟಿದ ನೌಕೆಗಳವರೆಗೆ ಒಂದು ಪರಂಪರೆಯನ್ನು ರೂಪಿಸುವ ಕೆಲಸವನ್ನೂ ಮಾಡಿತೆಂಬುದು ಈ ಲೇಖನದ ವಾದ.

ಮೊದಲ ತಲೆಮಾರು

ಸ್ವತಂತ್ರ ಭಾರತದ ಪ್ರಮುಖ ನೌಕೆಗಳು ಬೇರೆ ಹೆಸರು ಹೊತ್ತು ಹುಟ್ಟಿದವು. 1939ರ ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ಗ್ರಾಫ್ ಸ್ಪೀ ವಿರುದ್ಧ ಹೋರಾಡಿದ ಕ್ರೂಸರ್ ಅಕಿಲೀಸ್ 1948ರಲ್ಲಿ ‘ದೆಹಲಿ’ಯಾಯಿತು. 1942ರ ಆಗಸ್ಟ್‌ನಲ್ಲಿ ಮಾಲ್ಟಾಕ್ಕೆ ಸರಕು ಒಯ್ಯುತ್ತಿದ್ದ ಹಡಗುಗಳ ಕಾವಲಿನಲ್ಲಿದ್ದಾಗ ಇಟಲಿಯ ಜಲಾಂತರ್ಗಾಮಿ ಅಕ್ಸುಮ್‌ನ ಟಾರ್ಪಿಡೊ ತಗುಲಿಯೂ ಉಳಿದುಕೊಂಡ ಕ್ರೂಸರ್ ನೈಜೀರಿಯಾ, 1957ರ ಆಗಸ್ಟ್ 29ರಂದು ‘ಮೈಸೂರು’ ಆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅರ್ಧಕ್ಕೇ ನಿಂತಿದ್ದ ವಿಮಾನವಾಹಕ ನೌಕೆ ಹರ್ಕ್ಯುಲೀಸ್ ಬೆಲ್‌ಫಾಸ್ಟ್‌ನಲ್ಲಿ ಪೂರ್ಣಗೊಂಡು, 1961ರ ಮಾರ್ಚ್ 4ರಂದು ‘ವಿಕ್ರಾಂತ್’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿತು.

ಹೆಸರು ಬದಲಾದರೂ ಹಳೆಯ ಬದುಕು ಅಳಿಸಿಹೋಗಲಿಲ್ಲ. ರಿವರ್ ಪ್ಲೇಟ್ ಕದನದ ಕುರಿತು 1956ರಲ್ಲಿ ತೆರೆಕಂಡ ಬ್ರಿಟಿಷ್ ಚಲನಚಿತ್ರದಲ್ಲಿ ಅಕಿಲೀಸ್‌ನ ಪಾತ್ರ ವಹಿಸಿದ್ದು ಸ್ವತಃ ಐಎನ್‌ಎಸ್ ದೆಹಲಿ. ಹಡಗು ನಿವೃತ್ತವಾದ ಮೇಲೆ ಅದರ ಒಂದು ಫಿರಂಗಿ ಗೋಪುರ ಅದು ಅಕಿಲೀಸ್ ಆಗಿದ್ದಾಗ ಸೇವೆ ಸಲ್ಲಿಸಿದ್ದ ನ್ಯೂಜಿಲೆಂಡಿಗೆ ಉಡುಗೊರೆಯಾಗಿ ಹೋಯಿತು. ಒಡಲಿನ ನೆನಪು ಒಂದು ನೌಕಾಪಡೆಗೆ, ಹೆಸರಿನ ನೆನಪು ಇನ್ನೊಂದಕ್ಕೆ ಎಂಬಂತೆ ಪರಂಪರೆ ಇಲ್ಲಿ ಕವಲೊಡೆಯಿತು.

ಹೆಸರಿನ ಜೊತೆಗೆ ಬಂದದ್ದು

ಮೈಸೂರು ಕ್ರೂಸರ್ 1985ರಲ್ಲಿ ನಿವೃತ್ತವಾಯಿತು. ಅದೇ ಹೆಸರಿನ ಡೆಸ್ಟ್ರಾಯರ್ ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಸಿದ್ಧವಾಗಿ 1999ರ ಜೂನ್ 2ರಂದು ಸೇವೆಗೆ ಸೇರಿತು. ಆರು ಇಂಚಿನ ಒಂಬತ್ತು ಫಿರಂಗಿಗಳಿದ್ದ ಹೆಸರಿಗೆ ಆಗ 16 ಹಡಗುನಾಶಕ ಕ್ಷಿಪಣಿಗಳು ಬಂದವು. ಹಬೆ ಟರ್ಬೈನ್ ಹೋಗಿ ಗ್ಯಾಸ್ ಟರ್ಬೈನ್ ಬಂತು. ಕ್ರೂಸರ್‌ಗೆ ಹೆಸರಿಟ್ಟಾಗ ಮೈಸೂರು ಒಂದು ರಾಜ್ಯದ ಹೆಸರೂ ಆಗಿತ್ತು. 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಹಾಗಾಗಿ ಎರಡನೆಯ ಹಡಗಿನ ಹೆಸರು ನಗರವನ್ನು ಸೂಚಿಸುವುದಾದರೂ ಅದರ ನೇರ ಮೂಲ ಮೊದಲ ಹಡಗೇ ಎನ್ನಬಹುದು. ಡೆಸ್ಟ್ರಾಯರ್‌ಗಳ ಈ ವರ್ಗದ ಮೊದಲ ಎರಡು ನೌಕೆಗಳಿಗೆ, ನೌಕಾಪಡೆಯಲ್ಲಿದ್ದ ಎರಡೇ ಕ್ರೂಸರ್‌ಗಳಾದ ದೆಹಲಿ ಮತ್ತು ಮೈಸೂರಿನ ಹೆಸರುಗಳನ್ನು ಅದೇ ಕ್ರಮದಲ್ಲಿ ಇಟ್ಟಿರುವುದು ಈ ಊಹೆಯನ್ನು ಪುಷ್ಟೀಕರಿಸುತ್ತದೆ. ಎರಡನೆಯ ಹಡಗಿನ ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವಿದೆ.

ಹಡಗಿನ ಪಕ್ಕೆಯ ಮೇಲೆ ಬರೆಯುವ ಪೆನ್ನೆಂಟ್ ಸಂಖ್ಯೆಗಳು ಇನ್ನೂ ಗಟ್ಟಿ ಸಾಕ್ಷ್ಯ. ಕ್ರೂಸರ್ ಮೈಸೂರು ಸಿ60, ಡೆಸ್ಟ್ರಾಯರ್ ಡಿ60. 1950ರ ದಶಕದ ಖುಕ್ರಿ, ಕಿರ್ಪಾನ್, ಕುಠಾರ್ ಫ್ರಿಗೇಟ್‌ಗಳ ಸಂಖ್ಯೆ ಕ್ರಮವಾಗಿ ಎಫ್149, ಎಫ್144, ಎಫ್146. ಅದೇ ಹೆಸರಿನ ಕಾರ್ವೆಟ್‌ಗಳವು ಪಿ49, ಪಿ44, ಪಿ46. ಅಕ್ಷರ ಹಡಗಿನ ಬಗೆಗೆ ತಕ್ಕಂತೆ ಬದಲಾದರೂ ಕೊನೆಯ ಅಂಕಿಗಳು ಉಳಿದವು. ಇಂಥ ಹೊಂದಾಣಿಕೆ ಆಕಸ್ಮಿಕವಾಗಿರಲಾರದು. ಆದರೆ ಇದು ಕಟ್ಟುನಿಟ್ಟಿನ ನಿಯಮವೂ ಅಲ್ಲ: ದೆಹಲಿ ಸಿ74 ಇದ್ದದ್ದು ಡಿ61 ಆಯಿತು. ಇನ್ನು 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇರ್ಪಡೆಯಾದ ಹೊಸ ವಿಕ್ರಾಂತ್ ಹಳೆಯ ಆರ್11 ಅನ್ನೇ ಇಡಿಯಾಗಿ ಪಡೆಯಿತು.

ಮುಳುಗಿದ ಹಡಗಿನ ಹೆಸರು

ಖುಕ್ರಿಯ ಕಥೆ ಬೇರೆ. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್‌ನ ಟಾರ್ಪಿಡೊಗೆ ಸಿಕ್ಕಿ ಅದು ದಿಯು ಬಳಿಯ ಸಮುದ್ರದಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಹಡಗಿನೊಂದಿಗೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಇಂಥ ಹೆಸರನ್ನು ಏನು ಮಾಡಬೇಕೆಂಬ ಬಗ್ಗೆ ನೌಕಾಪಡೆಗಳಲ್ಲಿ ಒಮ್ಮತವಿಲ್ಲ. 1941ರಲ್ಲಿ ಮುಳುಗಿದ ಹುಡ್‌ನ ಹೆಸರನ್ನು ಬ್ರಿಟನ್ ಮತ್ತೊಂದು ಹಡಗಿಗೆ ಇಟ್ಟಿಲ್ಲ. ಭಾರತ 18 ವರ್ಷ ತುಂಬುವ ಮೊದಲೇ, 1989ರ ಆಗಸ್ಟ್ 23ರಂದು, ಎರಡನೆಯ ಖುಕ್ರಿಯನ್ನು ಸೇವೆಗೆ ತೊಡಗಿಸಿತ್ತು. ಅದು 2021ರಲ್ಲಿ ನಿವೃತ್ತವಾದ ಮೇಲೆ ಒಡೆಯಲು ಕೊಡದೆ ವಸ್ತುಸಂಗ್ರಹಾಲಯವಾಗಿಸಲು ದಿಯು ಆಡಳಿತಕ್ಕೆ ಒಪ್ಪಿಸಲಾಯಿತು. ಮೊದಲನೆಯದಕ್ಕೆ ನೋಡಬಲ್ಲ ಅವಶೇಷವಿಲ್ಲ. ಅದರ ಸ್ಮಾರಕದ ಪಾತ್ರವನ್ನು ಎರಡನೆಯದು ವಹಿಸಿಕೊಂಡಿತು. ಹೆಸರು ಒಂದೇ ಆಗಿರದಿದ್ದರೆ ಈ ಏರ್ಪಾಡಿಗೆ ಅರ್ಥವೇ ಇರುತ್ತಿರಲಿಲ್ಲ.

ಸಮಾರೋಪ

ಮೇಲಿನ ನಿದರ್ಶನಗಳಲ್ಲಿ ಮೊದಲ ಒಡಲುಗಳೆಲ್ಲ ಬ್ರಿಟಿಷ್ ಹಡಗುಕಟ್ಟೆಗಳವು, ಎರಡನೆಯವೆಲ್ಲ ಮುಂಬೈ, ಕೋಲ್ಕತ್ತ, ಕೊಚ್ಚಿಯವು. ಹೊಸ ವಿಕ್ರಾಂತ್ ದೇಶದಲ್ಲಿ ಕಟ್ಟಿದ ಮೊದಲ ವಿಮಾನವಾಹಕ ನೌಕೆ. ಆದರೂ ಅದಕ್ಕೆ 1971ರಲ್ಲಿ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ಸೀ ಹಾಕ್ ವಿಮಾನಗಳನ್ನು ಹಾರಿಸಿದ ಯುದ್ಧಚರಿತ್ರೆಯೊಂದು ಹುಟ್ಟಿನಿಂದಲೇ ದಕ್ಕಿತು. ಸ್ವದೇಶಿ ಒಡಲಿಗೆ ಯುದ್ಧದ ಅನುಭವವನ್ನು ಕಾರ್ಖಾನೆ ಕೊಡಲಾರದು, ಹೆಸರು ಕೊಡುತ್ತದೆ. ಇಲ್ಲಿ ಸಂಶೋಧಕರಿಗೆ ಒಂದು ಎಚ್ಚರಿಕೆಯೂ ಇದೆ. ಆರ್11 ಎರಡೂ ವಿಕ್ರಾಂತ್‌ಗಳದ್ದಾದ್ದರಿಂದ ಹೆಸರು, ಸಂಖ್ಯೆ ಎರಡನ್ನೂ ಕೊಟ್ಟರೂ ಸಾಲದು. ಸೇವಾವಧಿಯ ವರ್ಷಗಳನ್ನೂ ನಮೂದಿಸಬೇಕು. ನಾಮಪರಂಪರೆ ನೌಕಾಪಡೆ ತನಗಾಗಿ ಕಟ್ಟಿಕೊಂಡ ಚರಿತ್ರೆ. ಅದನ್ನು ಹಡಗಿನ ಚರಿತ್ರೆಯೊಂದಿಗೆ ಬೆರೆಸಿದರೆ ಎರಡೂ ಮಸುಕಾಗುತ್ತವೆ.