ಅಲ್ಲೆಗ್ರಿಯವರ ‘ಮಿಸೆರೆರೆ’: ಆ ಎತ್ತರದ ಸ್ವರ ಯಾರದು?

ಪ್ರವಾದಿ ನಾತಾನನ ಮಾತಿನಿಂದ ಎಚ್ಚೆತ್ತ ದಾವೀದ ಅರಸನ ಪಶ್ಚಾತ್ತಾಪದ ಮೊರೆಯೇ 51ನೇ ಕೀರ್ತನೆ. ಅದರ ಲತೀನ್ ಪಾಠಕ್ಕೆ ಬರೋಕ್ ಕಾಲದಲ್ಲಿ ರಾಗ ಹೊಂದಿಸಿದವರಲ್ಲಿ ಹೆಸರಾದವರು ಗ್ರೆಗೋರಿಯೊ ಅಲ್ಲೆಗ್ರಿ (1582-1652). ಅವರು ಗುರುಗಳೂ ಹೌದು, 1629ರಿಂದ ರೋಮಿನ ಸಿಸ್ಟೈನ್ ಪ್ರಾರ್ಥನಾಲಯದ ಗಾಯಕರೂ ಹೌದು.

ಅವರ ‘ಮಿಸೆರೆರೆ’ಯ ರಚನೆ ಬಹಳ ಸರಳ. ಐದು ಧ್ವನಿಗಳ ಒಂದು ವೃಂದ, ನಾಲ್ಕು ಧ್ವನಿಗಳ ಇನ್ನೊಂದು ವೃಂದ ಸರದಿಯಂತೆ ಹಾಡುತ್ತವೆ; ನಡುವಿನ ವಚನಗಳು ಸಾದಾ ಗ್ರೆಗೋರಿಯನ್ ಧಾಟಿಯಲ್ಲಿ ಬರುತ್ತವೆ. ಕೊನೆಯಲ್ಲಿ ಒಂಬತ್ತು ಧ್ವನಿಗಳೂ ಒಂದಾಗುತ್ತವೆ. ಅನೇಕ ಅಕ್ಷರಗಳನ್ನು ಒಂದೇ ಸ್ವರಮೇಳದ ಮೇಲೆ ಪಠಿಸುವುದರಿಂದ ಮಾತು ಸ್ಪಷ್ಟವಾಗಿ ಕೇಳುತ್ತದೆ.

ಕೀರ್ತಿ ತಂದದ್ದು ಹಾಳೆಯಲ್ಲಿ ಇಲ್ಲದ ಭಾಗ. ಸಿಸ್ಟೈನ್ ಗಾಯಕರು ಪವಿತ್ರ ವಾರದ ಆರಾಧನೆಯಲ್ಲಿ ಇದಕ್ಕೆ ತಮ್ಮದೇ ಅಲಂಕಾರಗಳನ್ನು ಸೇರಿಸಿ ಹಾಡುತ್ತಿದ್ದರು. ನಮ್ಮ ಶಾಸ್ತ್ರೀಯ ಗಾಯಕರಂತೆ, ಬರೋಕ್ ಗಾಯಕರಿಗೂ ಬರೆದ ಸ್ವರ ಆಧಾರ ಮಾತ್ರ. 1770ರಲ್ಲಿ 14 ವರ್ಷದ ಮೊಜಾರ್ಟ್ ಇದನ್ನು ಅಲ್ಲಿ ಕೇಳಿ ನೆನಪಿನಿಂದ ಬರೆದುಕೊಂಡನೆಂದು ಅವನ ತಂದೆಯ ಪತ್ರ ತಿಳಿಸುತ್ತದೆ. 1771ರಲ್ಲಿ ಚಾರ್ಲ್ಸ್ ಬರ್ನಿ ಲಂಡನ್ನಿನಲ್ಲಿ ಮುದ್ರಿಸಿದ ಪ್ರತಿಯಲ್ಲಿ ಅಲಂಕಾರಗಳಿರಲಿಲ್ಲ.

ಇಂದು ಎಲ್ಲರೂ ಕಾದು ಕೇಳುವ, ಮೈ ಜುಮ್ಮೆನಿಸುವ ಎತ್ತರದ ‘ಸಿ’ ಸ್ವರ ಅಲ್ಲೆಗ್ರಿಯವರದ್ದಲ್ಲ. ಮೇಲಿನ ಶ್ರುತಿಯಲ್ಲಿ ಬರೆದಿದ್ದ ಒಂದು ತುಣುಕು 19ನೇ ಶತಮಾನದ ಕೊನೆಯಲ್ಲಿ ಗ್ರೋವ್ ಸಂಗೀತ ನಿಘಂಟಿನಲ್ಲಿ ಮೂಲದೊಂದಿಗೆ ಸೇರಿಹೋಯಿತೆಂದು ಸಂಗೀತ ವಿದ್ವಾಂಸರು ವಿವರಿಸುತ್ತಾರೆ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜು ಗಾಯನ ವೃಂದದ 1963ರ ಧ್ವನಿಮುದ್ರಣ ಆ ರೂಪವನ್ನೇ ಜಗತ್ತಿಗೆ ಪರಿಚಯಿಸಿತು.

ಹಾಗಾದರೆ ಅದನ್ನು ಬಿಡಬೇಕೆ? ಬೇಕಿಲ್ಲ, ಸುಂದರವಾದುದು ಸುಂದರವೇ. ಆದರೆ ಆ ಸ್ವರ ಮುಟ್ಟುವವರು ನಮ್ಮಲ್ಲಿಲ್ಲವೆಂದು ಇಡೀ ಕೃತಿಯನ್ನೇ ಕೈಬಿಡುವುದು ಸರಿಯಲ್ಲ ಎಂಬುದು ನಮ್ಮ ಅನಿಸಿಕೆ. ಸರಳ ರೂಪವೇ ಮೂಲಕ್ಕೆ ಹೆಚ್ಚು ಹತ್ತಿರ. ಮೊದಲು ಲತೀನ್ ಮಾತುಗಳ ಅರ್ಥ ತಿಳಿಯಿರಿ, ಎಲ್ಲರೂ ಒಟ್ಟಾಗಿ ಮಾತನಾಡುವಂತೆ ಪಠಿಸಿ, ಮಾತಿನ ಒತ್ತು ಇರುವಲ್ಲಿ ಸ್ವರಕ್ಕೂ ಒತ್ತು ಕೊಡಿ, ವಚನದ ನಡುವಿನ ನಿಲುಗಡೆಯಲ್ಲಿ ಮೌನಕ್ಕೆ ಅವಕಾಶ ಬಿಡಿ. ಅಲಂಕಾರ ಆಮೇಲಿನದು, ಅದೂ ಮಿತವಾಗಿರಲಿ. ದಾವೀದ ಕೇಳಿದ್ದು ಕ್ಷಮೆಯನ್ನು, ಚಪ್ಪಾಳೆಯನ್ನಲ್ಲ.