ಗುಜರಿ ಗರಗಸದ ಕತೆ

ಮೊನ್ನೆ ಪಕ್ಕದ ತೋಟದೋರು ಬಂದಿದ್ರು. ನಮ್ಮ ಕೊಟ್ಟಿಗೆ ಗೋಡೆಗೆ ನೇತು ಹಾಕಿರೋ ಹಳೇ ಮರ ಕುಯ್ಯೋ ಮೆಷಿನ್ ನೋಡಿ, "ಅಣ್ಣಾ, ಎರಡು ದಿನ ಕೊಡಿ, ನಾಲ್ಕು ಒಣಗಿದ ತೆಂಗಿನ ಮರ ಉರುಳಿಸ್ಬೇಕು" ಅಂದ್ರು. ನಾನು ಕೊಡಲ್ಲ ಅಂದೆ. ಬೇಜಾರು ಮಾಡ್ಕೊಂಡು ಹೋದ್ರು. ಯಾಕೆ ಕೊಡಲಿಲ್ಲ ಅಂತ ನಿಂತ ಕಾಲಲ್ಲಿ ಹೇಳೋಕೆ ಆಗ್ಲಿಲ್ಲ, ಅದಕ್ಕೇ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾಗಿ ಓದಿ.

ಮೊದಲು ಮೆಷಿನ್ ಇಲ್ಲದ ಕಾಲದಿಂದ ಶುರು ಮಾಡ್ತೀನಿ. ನಮ್ಮ ಮನೆಯ ಕೊಬ್ಬರಿ ಅಟ್ಟ ಕಟ್ಟಿದಾಗ ನನಗೆ ಒಂಬತ್ತೋ ಹತ್ತೋ ವರ್ಷ. ತೊಲೆಗೆ ನಮ್ಮ ತೋಟದ್ದೇ ಮೂರು ಮುದಿ ತೆಂಗಿನ ಮರ. ಚಿಕ್ಕನಾಯಕನಹಳ್ಳಿ ಕಡೆಯಿಂದ ಇಬ್ರು ಅಣ್ತಮ್ಮಂದಿರು ಮರ ಕುಯ್ಯಕ್ಕೆ ಬಂದಿದ್ರು. ಆಳುದ್ದ ಗುಂಡಿ ತೆಗೆದು, ಮೇಲೆ ಅಡ್ಡ ಮರ ಹಾಕಿ, ಅದರ ಮೇಲೆ ಕೊರಡು ಇಟ್ಟು, ಅಣ್ಣ ಮೇಲೆ ನಿಲ್ಲೋನು, ತಮ್ಮ ಗುಂಡಿ ಒಳಗೆ. ಮಧ್ಯ ಉದ್ದನೆ ಗರಗಸ. ಸಾಯಂಕಾಲ ತಮ್ಮ ಮೇಲೆ ಬಂದ್ರೆ ಹುಬ್ಬು ಮೀಸೆ ಎಲ್ಲ ಮರದ ಪುಡಿ. ಎಳೆಯೋದಕ್ಕಿಂತ ಜಾಸ್ತಿ ಹೊತ್ತು ಅವರು ಅರ ಹಿಡಿದು ಹಲ್ಲು ಮಸೀತಾ ಕೂತಿರ್ತಿದ್ರು. ನಮ್ಮಪ್ಪ "ಕೂಲಿ ಕುಯ್ಯೋದಕ್ಕೋ ಮಸೆಯೋದಕ್ಕೋ" ಅಂತ ರೇಗಿದ್ರೆ ಅಣ್ಣನಾದೋನು ಹೇಳೋನು, "ಯಜಮಾನ್ರೇ, ಹೊನ್ನೆ ಮತ್ತಿ ಕುಯ್ದುಬಿಡಬಹುದು, ನಿಮ್ಮ ತೆಂಗು ಹಲ್ಲು ತಿಂತದೆ."

ಅವನು ಹೇಳಿದ್ದು ನಿಜ. ತೆಂಗಿನ ಮರದಲ್ಲಿ ಬೇರೆ ಮರದ ಹಾಗೆ ವರ್ಷಕ್ಕೊಂದು ಉಂಗುರ ಬೆಳೆಯಲ್ಲ. ಹೊರಗಿನ ಸುತ್ತು ಕಬ್ಬಿಣದಂಥ ನಾರು, ನಡುವೆ ಮೆತ್ತಗಿನ ತಿರುಳು. ಮುದಿ ಮರದ ಬುಡ ಇನ್ನೂ ಗಟ್ಟಿ. ಹಾಗಾಗಿ ಗರಗಸ ಯಾವ ದೇಶದ್ದಾದ್ರೂ ತೆಂಗಿನ ಮುಂದೆ ಬೇಗ ಮೊಂಡಾಗುತ್ತೆ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ದೊಡ್ಡ ಕಾಡು ಕಡಿಯೋ ಕಡೇನೂ ಆಗ ಇದೇ ಕತೆ. ವಿಶ್ವೇಶ್ವರಯ್ಯನವರ ಮುಂದಾಳತ್ವದ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸೋಕೆ ಶುರು ಮಾಡ್ತು. ಅದರ ಕುಲುಮೆ ಉರಿದಿದ್ದು ಮಲೆನಾಡಿನ ಸೌದೆ ಸುಟ್ಟ ಇದ್ದಲಿನಲ್ಲಿ. ಅಷ್ಟೊಂದು ಮರ ಬಿದ್ದಿದ್ದು ಕೊಡಲಿ ಮತ್ತು ಗರಗಸ ಹಿಡಿದ ಕೈಗಳಿಂದ. ಮರ ಕಡಿಯೋ ಮೆಷಿನ್ ಅಂಗಡಿಗೆ ಬರೋಕೆ ಆಗ ಇನ್ನೂ ಮೂರು ನಾಲ್ಕು ವರ್ಷ ಬಾಕಿ ಇತ್ತು.

ಚೈನಿಗೆ ಹಲ್ಲು ಕೂರಿಸಿ ಕುಯ್ಯೋ ಯೋಚನೆ ಮೊದಲು ಹುಟ್ಟಿದ್ದು ಮರಕ್ಕಲ್ಲ ಅಂದ್ರೆ ನಂಬ್ತೀರಾ? 1780ರ ದಶಕದ ಹೊತ್ತಿಗೆ ಸ್ಕಾಟ್ಲೆಂಡಿನ ಡಾಕ್ಟರುಗಳಾದ ಜಾನ್ ಏಟ್ಕೆನ್, ಜೇಮ್ಸ್ ಜೆಫ್ರೇ ಅನ್ನೋರು ಮೂಳೆ ಕುಯ್ಯೋಕೆ ಸಣ್ಣ ಹಲ್ಲಿನ ಚೈನು ಮಾಡಿದ್ರು. ಹೆರಿಗೆ ಕಷ್ಟ ಆದಾಗ ತಾಯಿಯ ಸೊಂಟದ ಮೂಳೆ ಕೂಡೋ ಜಾಗ ಬಿಡಿಸೋಕೆ. ಎರಡು ತುದಿಗೂ ಹಿಡಿ, ಆ ಕಡೆ ಈ ಕಡೆ ಎಳೆಯೋದು. ನೆನೆಸಿಕೊಂಡ್ರೆ ಮೈ ಜುಂ ಅನ್ನುತ್ತೆ.

ಮರಕ್ಕೆ ಬಂದಿದ್ದು ಜರ್ಮನಿಯಲ್ಲಿ. ಸ್ಟುಟ್‌ಗಾರ್ಟ್ ಊರಿನ ಆಂಡ್ರಿಯಾಸ್ ಸ್ಟಿಲ್ ಅನ್ನೋರು 1926ರಲ್ಲಿ ಕರೆಂಟಿನ ಚೈನ್ ಗರಗಸ ಮಾಡಿದ್ರು. ತೂಕ ಸುಮಾರು 64 ಕೆಜಿ, ಹಿಡಿಯೋಕೆ ಇಬ್ರು ಬೇಕು. ಕಾಡಲ್ಲಿ ಕರೆಂಟ್ ಎಲ್ಲಿ? 1927ರಲ್ಲಿ ಎಮಿಲ್ ಲೆರ್ಪ್ ಅನ್ನೋರು ಪೆಟ್ರೋಲ್ ಮೆಷಿನ್ ಮಾಡಿ ಡಾಲ್ಮಾರ್ ಅನ್ನೋ ಗುಡ್ಡದ ಮೇಲೆ ಓಡಿಸಿ ನೋಡಿದ್ರು, ಗುಡ್ಡದ ಹೆಸರೇ ಕಂಪನಿಗೂ ಆಯ್ತು. 1929ರಲ್ಲಿ ಸ್ಟಿಲ್ ಅವರದ್ದೂ ಪೆಟ್ರೋಲ್ ಮೆಷಿನ್ ಬಂತು, 46 ಕೆಜಿ. ಹೆಚ್ಚು ಕಮ್ಮಿ ಒಂದು ಸಿಮೆಂಟ್ ಮೂಟೆ ಹೊತ್ಕೊಂಡು ಮರ ಕುಯ್ದ ಹಾಗೆ. ಒಬ್ನೇ ಹಿಡಿಯೋ ಅಂಥದ್ದು ಸ್ಟಿಲ್ ಕಂಪನಿ ಮಾಡಿದ್ದು 1950ರಲ್ಲಿ, ಅದೂ 16 ಕೆಜಿ. 1959ರ ಹೊತ್ತಿಗೆ 12 ಕೆಜಿಗೆ ಇಳೀತು. ಅದೇ 1959ರಲ್ಲಿ ಸ್ವೀಡನ್ನಿನ ಹುಸ್ಕ್ವಾರ್ನಾ ಕಂಪನಿಯೂ ಗರಗಸಕ್ಕೆ ಕೈ ಹಾಕ್ತು. ಅದು ಮೊದಲು ಬಂದೂಕು ಮಾಡ್ತಿದ್ದ ಕಾರ್ಖಾನೆ.

ಇಷ್ಟೆಲ್ಲ ಆದ್ರೂ ಒಂದು ತೊಂದರೆ ಉಳಿದಿತ್ತು, ಅದೇ ನಮ್ಮ ಗುಂಡಿಯ ಅಣ್ತಮ್ಮಂದಿರ ತೊಂದರೆ: ಹಲ್ಲು. ಚೈನಿನ ಹಲ್ಲು ಬೇಗ ಮೊಂಡಾಗೋದು, ಎಷ್ಟು ಮಸೆದ್ರೂ ಸಾಲದು. ಅಮೆರಿಕದ ಓರೆಗಾನ್ ಸೀಮೆಯಲ್ಲಿ ಜೋಸೆಫ್ ಕಾಕ್ಸ್ ಅಂತ ಮರ ಕಡಿಯೋನು ಒಬ್ಬ ಇದ್ದ. 1946ರಲ್ಲಿ ಸೌದೆ ಒಡೀತಿದ್ದಾಗ ಒಂದು ಬೊಡ್ಡೆಯಲ್ಲಿ ಹುಳ ಕಣ್ಣಿಗೆ ಬಿತ್ತು. ನಮ್ಮ ತಿಪ್ಪೆ ಗುಂಡಿಯ ಗೊಣ್ಣೆ ಹುಳದ ಥರದ್ದೇ, ಮರ ತಿನ್ನೋ ದುಂಬಿಯ ಮರಿ. ಒಳ್ಳೇ ಗಟ್ಟಿ ಮರಾನ ಉದ್ದಕ್ಕೂ ಅಡ್ಡಕ್ಕೂ ಬೆಣ್ಣೆ ಥರ ಕೊರೀತಿತ್ತು. ಗಮನ ಇಟ್ಟು ನೋಡಿದ್ರೆ ಅದರ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ಬಾಗಿದ ದವಡೆ. ಆ ದವಡೆ ಆಕಾರದಲ್ಲೇ ಕಾಕ್ಸ್ ಹಲ್ಲು ಮಾಡಿದ, ಒಂದು ಎಡಕ್ಕೆ, ಒಂದು ಬಲಕ್ಕೆ. 1947ರಲ್ಲಿ ಪೋರ್ಟ್‌ಲ್ಯಾಂಡ್ ಊರಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಕಂಪನಿ ಶುರು ಮಾಡಿದ. ಇವತ್ತು ನೀವು ಅಂಗಡಿಯಲ್ಲಿ ತರೋ ಚೈನು ಹೆಚ್ಚಿನದೆಲ್ಲ ಆ ಹುಳದ ಬಾಯಿಯ ಮೊಮ್ಮಕ್ಕಳು. ನಾವು ಹುಳ ಕಂಡ್ರೆ ಔಷಧಿ ಡಬ್ಬ ಹುಡುಕ್ತೀವಿ, ಅವನು ಕೂತು ನೋಡಿದ.

ಈಗ ನಮ್ಮ ಕಡೆಗೆ ಬರೋಣ. 2016ರ ಸುತ್ತಮುತ್ತಿನ ಬರ ನಿಮಗೆ ಹೇಳ್ಬೇಕಾಗಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ಬೋರು ಬತ್ತಿ, ಅಜ್ಜನ ಕಾಲದ ಮರಗಳು ಸುಳಿ ಒಣಗಿ ಕಂಬದ ಹಾಗೆ ನಿಂತ್ವು. ನಮ್ಮ ತೋಟದಲ್ಲೇ ಇಪ್ಪತ್ತಾರು ಮರ ಹೋದ್ವು. ಎಣಿಸಿ ಬರೆದಿಟ್ಟಿದೀನಿ. ಸತ್ತ ಮರ ಹಾಗೇ ಬಿಟ್ರೆ ಕೊಳೆತು ಸುಳಿ ಕೊರೆಯೋ ದುಂಬಿಗೆ ಹೆರಿಗೆ ಮನೆ ಆಗುತ್ತೆ, ಉಳಿದಿರೋ ಮರಾನೂ ತಿನ್ನುತ್ತೆ. ಕೊಡಲೀಲಿ ಕಡಿಯೋಕೆ ಆಳಿಲ್ಲ, ಮೆಷಿನ್ನೋರನ್ನ ಕರೆಸೋಣ ಅಂದ್ರೆ ನೀರಿಲ್ಲದ ವರ್ಷ, ಕೈಯಲ್ಲಿ ದುಡ್ಡಿಲ್ಲ.

ಆಗ ಒಂದು ದಿನ ಕೆ.ಬಿ. ಕ್ರಾಸ್ ಹತ್ರ ಗುಜರಿ ಅಂಗಡೀಲಿ ಹಳೇ ಪಂಪಿನ ವಾಲ್ವು ಹುಡುಕ್ತಿದ್ದಾಗ ಇದು ಸಿಕ್ತು. ಕಂಪನಿ ಹೆಸರಿನ ಪಟ್ಟಿ ಕಿತ್ತು ಹೋಗಿತ್ತು. ಮೈ ಎಲ್ಲ ಗಟ್ಟಿ ಎರಕ, ಒಂದು ಚೂರು ಪ್ಲಾಸ್ಟಿಕ್ ಇಲ್ಲ. ಹಗ್ಗ ಎಳೆದ್ರೆ ಅಲ್ಲಾಡಲ್ಲ. ತೂಕದ ಲೆಕ್ಕದಲ್ಲಿ ಕೊಟ್ರು, ಅಂಗಡಿಯೋರು ನಗ್ತಾನೇ ತೂಗಿದ್ರು. ಹನ್ನೆರಡು ಕೆಜಿಗೆ ಸ್ವಲ್ಪ ಕಮ್ಮಿ.

ರಿಪೇರಿಗೆ ಹಿಡಿದುಕೊಂಡು ಹೋಗಿದ್ದು ಮರದ ಮೆಷಿನ್ ಮೆಕ್ಯಾನಿಕ್ ಹತ್ರ ಅಲ್ಲ, ಹಳೇ ಬೈಕ್ ಮೆಕ್ಯಾನಿಕ್ ಹತ್ರ. ಇದರಲ್ಲೂ ಒಂದು ಚರಿತ್ರೆ ಇದೆ. ಮೈಸೂರಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಎಜ್ಡಿ ಬೈಕ್ ಮಾಡ್ತು, 1996ರಲ್ಲಿ ಮುಚ್ಚಿತು. ಅಷ್ಟೂ ಟೂ ಸ್ಟ್ರೋಕ್ ಇಂಜಿನ್ನೇ. ಹಿಂದೇನೇ ಲೂನಾ, ಟಿವಿಎಸ್ 50. ನಮ್ಮ ಸಣ್ಣ ಊರುಗಳ ಒಂದು ತಲೆಮಾರಿನ ಮೆಕ್ಯಾನಿಕ್ಕುಗಳು ಟೂ ಸ್ಟ್ರೋಕ್ ಶಬ್ದದಲ್ಲೇ ಕಾಯಿಲೆ ಹೇಳ್ತಿದ್ರು. ಗರಗಸದ ಇಂಜಿನ್ನೂ ಅದೇ ಜಾತಿ: ವಾಲ್ವಿಲ್ಲ, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಆ ಆಯಿಲ್ಲೇ ಪಿಸ್ಟನ್ನಿಗೆ ಜೀವ. ಆಯಿಲ್ ಮರೆತ್ರೆ ಐದು ಹತ್ತು ನಿಮಿಷಕ್ಕೆ ಪಿಸ್ಟನ್ ಸುಟ್ಟು ಬೋರಿಗೆ ಕಚ್ಚಿಕೊಳ್ಳುತ್ತೆ.

ನಮ್ಮ ಮೆಷಿನ್ನಿಗೆ ಆಗಿದ್ದೂ ಅದೇ. ಹೆಡ್ ಬಿಚ್ಚಿ ನೋಡಿದ್ರೆ ಪಿಸ್ಟನ್ನಿನ ಅಲ್ಯೂಮಿನಿಯಂ ಬೋರಿನ ಗೋಡೆಗೆ ಮೆತ್ತಿತ್ತು. ಬೋರ್ ಹೋಗಿಲ್ಲ, ಮೆತ್ತಿದೆ ಅಷ್ಟೆ ಅಂದ್ರು ಮೆಕ್ಯಾನಿಕ್. ಸಣ್ಣ ಎಮರಿ ಹಾಳೇಲಿ ಎರಡು ದಿನ ತಾಳ್ಮೆಯಿಂದ ಉಜ್ಜಿ ತೆಗೆದ್ರು. ಪಿಸ್ಟನ್ ನಯ ಮಾಡಿದ್ರು. ರಿಂಗಿಗೆ ಅಳತೆ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಓಡಾಡ್ದೆ. ಕಾರ್ಬರೇಟರಿನ ಒಳಗಿನ ಪೊರೆ ಒಣಗಿ ಹಪ್ಪಳ ಆಗಿತ್ತು, ಅದನ್ನೂ ಹೊಸದು ಹಾಕಿದ್ವಿ. ಆ ಪೊರೆ ಸಣ್ಣದಲ್ಲ ಸ್ವಾಮಿ. ಬೈಕಿನ ಕಾರ್ಬರೇಟರಲ್ಲಿ ತೇಲೋ ಬೆಂಡು ಇರುತ್ತೆ, ಓರೆ ಮಾಡಿದ್ರೆ ಪೆಟ್ರೋಲ್ ಚೆಲ್ಲುತ್ತೆ. ಬೆಂಡಿನ ಬದಲು ಪೊರೆ ಬಂದ ಮೇಲೇ ಗರಗಸವನ್ನ ಅಡ್ಡ, ಉದ್ದ, ತಲೆಕೆಳಗು ಹೇಗೆ ಬೇಕಾದ್ರೂ ಹಿಡಿಯೋ ಹಾಗಾಯ್ತು. ಇನ್ನು ಪಾಯಿಂಟು ಉಜ್ಜಿ, ಕೊಳೆತ ಪೆಟ್ರೋಲ್ ಪೈಪು ಬದಲಾಯಿಸಿ, ಹೊಸ ಪ್ಲಗ್ ಹಾಕಿ, ಲೀಟರಿಗೆ 40 ಎಂಎಲ್ ಆಯಿಲ್ ಬೆರೆಸಿ ಎಳೆದ್ವಿ. ಏಳನೇ ಎಳೆತಕ್ಕೆ ಕೆಮ್ಮಿತು, ಹನ್ನೊಂದಕ್ಕೆ ಹಿಡೀತು. ಬೀದಿ ಎಲ್ಲ ಹೊಗೆ. ಮೆಕ್ಯಾನಿಕ್ ಮುಖ ನೋಡ್ಬೇಕಿತ್ತು.

ಓಡಿತು, ಆದ್ರೆ ಕುಯ್ಯಲಿಲ್ಲ. ತೆಂಗಿನ ಮೇಲೆ ಇಟ್ರೆ ಹೊಗೆ ಬರೋದು, ಹಿಟ್ಟಿನಂಥ ಪುಡಿ ಬರೋದು, ಬಾರು ಪಕ್ಕಕ್ಕೆ ಎಳೆಯೋದು. ಆಗ ನೆನಪಾಗಿದ್ದು ಗುಂಡಿಯ ತಮ್ಮ. ಅಣ್ಣ ತೀರ್ಕೊಂಡಿದ್ರು, ತಮ್ಮನಿಗೆ ಆಗಲೇ ಎಪ್ಪತ್ತು ದಾಟಿತ್ತು. ಮೆಷಿನ್ ಬಂದು ಅವರ ಕಸುಬು ಹೋಗಿ ಎಷ್ಟೋ ವರ್ಷ. ಹೇಗೆ ಕೇಳೋದು ಅಂತ ಹಿಂಜರೀತಾನೇ ಹೋದೆ. ಚೈನು ಕೈಗೆ ತಗೊಂಡು ಬಿಸಿಲಿಗೆ ಹಿಡಿದು ಒಂದೊಂದೇ ಹಲ್ಲು ನೋಡಿದ್ರು. "ಎಡಗಡೆ ಹಲ್ಲು ಉದ್ದ ಬಿಟ್ಟಿದೀಯ, ಬಲಗಡೆ ಗಿಡ್ಡ ಮಾಡಿದೀಯ, ಇನ್ನೆಲ್ಲಿ ನೆಟ್ಟಗೆ ಹೋಗ್ತದೆ?" ಅಂದ್ರು. ದುಂಡು ಅರ ತಗೊಂಡು, ಹಲ್ಲಿಗೆ ಮೂರೇ ಸಲ, ಒಂದೇ ದಿಕ್ಕಿಗೆ, ಒಂದೇ ಓರೆಗೆ ಉಜ್ಜಿದ್ರು. ಆಮೇಲೆ ಕುಯ್ದಾಗ ಹಿಟ್ಟು ಬರಲಿಲ್ಲ, ಚಕ್ಕೆ ಬಂತು. ಕಾಕ್ಸ್ ಹುಳದಿಂದ ಕಲಿತಿದ್ದು ಇವರಿಗೆ ಗುಂಡಿ ಒಳಗೇ ಗೊತ್ತಿತ್ತು. ಕೂಲಿ ಕೊಡೋಕೆ ಹೋದ್ರೆ ತಗೊಳ್ಳಲಿಲ್ಲ, "ಕಾಯಿ ನಾಲ್ಕು ಕೊಡು ಸಾಕು" ಅಂದ್ರು.

ಆ ಮೆಷಿನ್ನಲ್ಲಿ ಇಪ್ಪತ್ತಾರರಲ್ಲಿ ಹತ್ತೊಂಬತ್ತು ಮರ ಕುಯ್ದೆ. ಇಪ್ಪತ್ತನೇದು ನನ್ನ ಅಕ್ಕನ ಮಗ ಕುಯ್ಯಕ್ಕೆ ಹೋದ. ಬಿದ್ದ ಮರದ ಹಿಂದೆ ಇನ್ನೊಂದು ಕೊರಡು ಇತ್ತು, ಅದು ಅವನ ಕಣ್ಣಿಗೆ ಬೀಳಲಿಲ್ಲ. ಬಾರಿನ ಮೂತಿಯ ಮೇಲ್ಭಾಗ ಅದಕ್ಕೆ ತಾಗ್ತು. ಕಣ್ಣು ಮುಚ್ಚಿ ತೆಗೆಯೋದರಲ್ಲಿ ಮೆಷಿನ್ ಕುದುರೆ ಒದ್ದ ಹಾಗೆ ಹಿಂದಕ್ಕೆ ಎಗರಿ ಎಡ ಭುಜಕ್ಕೆ ಬಂತು. ಹದಿನೆಂಟು ಹೊಲಿಗೆ. ಒಂದು ಗೇಣು ಒಳಗೆ ಬಂದಿದ್ರೆ ಕುತ್ತಿಗೆ. ಅಕ್ಕ ಆರು ತಿಂಗಳು ನಮ್ಮನೆ ಮೆಟ್ಟಿಲು ಹತ್ತಲಿಲ್ಲ. ತಪ್ಪು ಮೆಷಿನ್ನಿಂದಲ್ಲ, ಹುಡುಗನದ್ದೂ ಅಲ್ಲ. ಗೊತ್ತಿಲ್ಲದೆ ಕೈಗೆ ಕೊಟ್ಟ ನನ್ನದು.

ಆಮೇಲೆ ಓದಿ, ವಿಚಾರಿಸಿ ತಿಳ್ಕೊಂಡೆ. ಹಿಡಿ ಮುಂದೆ ಒಂದು ಗಾರ್ಡ್ ಥರ ಇರುತ್ತಲ್ಲ, ಅದು ಬರೀ ಗಾರ್ಡಲ್ಲ, ಬ್ರೇಕು. ಮೆಷಿನ್ ಹಿಂದಕ್ಕೆ ಎಗರಿದಾಗ ಅದು ಮುಂದಕ್ಕೆ ಬಿದ್ದು ಚೈನನ್ನ ತಕ್ಷಣ ಹಿಡಿದು ನಿಲ್ಲಿಸುತ್ತೆ. ಗರಗಸದ ಕಂಪನಿಗಳು ಆ ಬ್ರೇಕು ಹಾಕೋಕೆ ಶುರು ಮಾಡಿದ್ದು 1970ರ ದಶಕದಲ್ಲಿ. ನನ್ನ ಮೆಷಿನ್ನಲ್ಲಿ ಅದಿಲ್ಲ. ಅದುರು ತಡೆಯೋ ರಬ್ಬರೂ ಇಲ್ಲ. ಜಪಾನಿನ ಕಾಡು ಕೆಲಸಗಾರರಿಗೆ 1960ರ ದಶಕದಲ್ಲಿ ಇಂಥ ಮೆಷಿನ್ ಹಿಡಿದೂ ಹಿಡಿದೂ ಬೆರಳು ಬೆಳ್ಳಗಾಗಿ ಮರಗಟ್ಟೋ ಕಾಯಿಲೆ ಬಂದು ದೊಡ್ಡ ಗಲಾಟೆನೇ ಆಯ್ತು. ಬ್ರೇಕೂ ರಬ್ಬರೂ ಬಂದಿರೋದು ಇಂಥೋರ ಬೆರಳು, ಭುಜ, ಕುತ್ತಿಗೆಯ ಲೆಕ್ಕದ ಮೇಲೆ. ಹಳೇದು ಗಟ್ಟಿ ಅನ್ನೋದು ಸರಿ, ಹಳೇದೆಲ್ಲ ಒಳ್ಳೇದು ಅನ್ನೋದು ಸರಿಯಲ್ಲ.

ಉಳಿದ ಮರಕ್ಕೆ ಇನ್ನೊಂದು ಗುಜರಿ ಮೆಷಿನ್ ಹುಡುಕಿದೆ, ಇದು ಹೊಸ ಕಾಲದ್ದು, ಬ್ರೇಕ್ ಇರೋದು. ಇದಕ್ಕೂ ಯಾರೋ ಆಯಿಲ್ ಹಾಕದೆ ಪಿಸ್ಟನ್ ಕಚ್ಚಿಸಿ ಎಸೆದಿದ್ರು. ಈಗ ಕೆಲಸ ಮಾಡ್ತಿರೋದು ಇದೇ. ಮರ ಬಿದ್ದ ಕೂಡ್ಲೇ ತುಂಡು ಮಾಡಿ ಸಾಗಿಸೋದು ಎಷ್ಟು ಮುಖ್ಯ ಅನ್ನೋದಕ್ಕೆ ದೂರ ಹೋಗ್ಬೇಕಿಲ್ಲ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ತಂಜಾವೂರು, ಪಟ್ಟುಕೋಟೆ ಕಡೆ ಲಕ್ಷಗಟ್ಟಲೆ ತೆಂಗು ಉರುಳಿಸ್ತು. 2013ರ ನವೆಂಬರಿನಲ್ಲಿ ಫಿಲಿಪೀನ್ಸಿನಲ್ಲಿ ಹಯಾನ್ ಚಂಡಮಾರುತ ಇನ್ನೂ ಘೋರ. ಬಿದ್ದ ಮರ ಕೊಳೆತ್ರೆ ದುಂಬಿ ಏಳುತ್ತೆ ಅಂತ ಅಲ್ಲಿ ಚೈನ್ ಗರಗಸದಲ್ಲೇ ಕುಯ್ದು, ಹಲಗೆ ಮಾಡಿ, ಬಿದ್ದ ಮನೆ ಕಟ್ಕೊಂಡ್ರು. ಆ ದೇಶದಲ್ಲಿ 2002ರಿಂದ ಚೈನ್ ಗರಗಸ ಇಟ್ಕೊಳ್ಳೋಕೆ ಕಾನೂನೇ ಇದೆ, ನೋಂದಣಿ ಮಾಡಿಸಬೇಕು. ಉಪಯೋಗ ಅಷ್ಟಿದೆ, ಅಪಾಯವೂ ಅಷ್ಟಿದೆ.

ನಿಮ್ಮ ಮನೆ ಅಟ್ಟದ ಮೇಲೋ ಪಂಪ್ ಮನೇಲೋ ಕೆಟ್ಟ ಮೆಷಿನ್ ಬಿದ್ದಿದ್ರೆ ತೂಕಕ್ಕೆ ಹಾಕ್ಬೇಡಿ. ಹಗ್ಗ ಎಳೆದಾಗ ಸ್ವಲ್ಪನಾದ್ರೂ ತಿರುಗಿದ್ರೆ ಹೆಚ್ಚಿನಂಶ ಕಾರ್ಬರೇಟರ್ ಪೊರೆ, ಪೈಪು, ಪ್ಲಗ್ಗು ಇಷ್ಟರಲ್ಲೇ ಮುಗಿಯುತ್ತೆ. ತಿರುಗದೇ ಇದ್ರೂ ಬೋರ್ ಬಿಚ್ಚಿ ನೋಡೋ ತನಕ ಸತ್ತಿದೆ ಅನ್ಬೇಡಿ. ಹೊಸ ಮೆಷಿನ್ನಿಗೆ ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಆಯಿಲ್ ಬೆರೆಸಿ, ಬೆರೆಸಿದ ಕ್ಯಾನಿನ ಮೇಲೆ ಬಣ್ಣದಲ್ಲಿ ಗುರುತು ಹಾಕಿ. ಆದ್ರೆ ಬ್ರೇಕ್ ಇಲ್ಲದ್ದಾದ್ರೆ ರಿಪೇರಿ ಮಾಡಿ, ಓಡಿಸಿ, ಶಬ್ದ ಕೇಳಿ ಖುಷಿ ಪಡಿ, ಗೋಡೆಗೆ ನೇತು ಹಾಕಿ.

ಪಕ್ಕದ ತೋಟದ ತಮ್ಮನಿಗೆ ಹೇಳೋದಿಷ್ಟೇ. ಮೆಷಿನ್ ಕೊಡಲ್ಲ ಅಂದೆ, ಬರಲ್ಲ ಅನ್ನಲಿಲ್ಲ. ಭಾನುವಾರ ಬ್ರೇಕ್ ಇರೋ ಮೆಷಿನ್ ತಗೊಂಡು ನಾನೇ ಬರ್ತೀನಿ, ಅಕ್ಕನ ಮಗನೂ ಬರ್ತಾನೆ, ಕೊರಡು ಸರಿಸೋಕೆ. ನಾಲ್ಕು ಮರ ಮಧ್ಯಾಹ್ನದೊಳಗೆ ಮುಗಿಯುತ್ತೆ. ಪೆಟ್ರೋಲ್ ನಿಮ್ಮದು, ಆಯಿಲ್ ಬೆರೆಸೋದು ಮಾತ್ರ ನಾನೇ.